ಸರ್ಕಾರಕ್ಕೆ ಸರಕು ಮಾರಲು ಯಾವ ದಾರಿ: ಜೆಮ್, ಕೆಪಿಪಿಪಿ, ರೈಲ್ವೆ, ಸಾರ್ವಜನಿಕ ಉದ್ಯಮಗಳ ನಡುವೆ ಸಣ್ಣ ಘಟಕದ ಆಯ್ಕೆ

ಪೀಣ್ಯದಲ್ಲಿ ಉಕ್ಕಿನ ಮೇಜು, ಬೀರು, ರ‍್ಯಾಕುಗಳನ್ನು ಮಾಡುವ ಒಂದು ಘಟಕವಿದೆ ಎಂದು ಇಟ್ಟುಕೊಳ್ಳೋಣ. ಹನ್ನೆರಡು ಮಂದಿ ಕೆಲಸಗಾರರು, ಎರಡು ವೆಲ್ಡಿಂಗ್ ಸೆಟ್ಟು, ಒಂದು ಪೌಡರ್ ಕೋಟಿಂಗ್ ಒಲೆ, ಬ್ಯಾಂಕಿನಲ್ಲಿ ಒಂದು ಓವರ್‌ಡ್ರಾಫ್ಟ್ ಖಾತೆ. ಅದರ ಬಂಡವಾಳ ಇಷ್ಟೇ. ಈ ಘಟಕ ಇಂದು ಕೇಂದ್ರ ಸರ್ಕಾರದ ಒಂದು ಕಚೇರಿಗೆ ಸರ್ಕಾರಿ ಇ-ಮಾರುಕಟ್ಟೆಯ, ಅಂದರೆ ಜೆಮ್‌ನ, ಮೂಲಕ ಮಾರಬಹುದು, ಜಿಲ್ಲಾ ಪಂಚಾಯಿತಿಯೊಂದು ಕರೆದ ಟೆಂಡರಿಗೆ ರಾಜ್ಯದ ಕೆಪಿಪಿಪಿ ಜಾಲತಾಣದಲ್ಲಿ ದರ ಹಾಕಬಹುದು, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆಗೆ ಅದರ ಟೆಂಡರ್ ತಾಣವಾದ ಐಆರ್‌ಇಪಿಎಸ್ ಮೂಲಕ ಸರಬರಾಜು ಮಾಡಬಹುದು, ಅಥವಾ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ಯಮಗಳಲ್ಲಿ ವೆಂಡರ್ ಆಗಿ ನೋಂದಾಯಿಸಿಕೊಂಡು ಡ್ರಾಯಿಂಗ್ ಪ್ರಕಾರ ಬಿಡಿಭಾಗಗಳನ್ನು ಮಾಡಿಕೊಡಬಹುದು. ನಾಲ್ಕೂ ಸರ್ಕಾರವೇ, ಆದರೆ ಠೇವಣಿಯ ನಿಯಮದಿಂದ ಹಿಡಿದು ಬಿಲ್ಲು ಪಾಸಾಗುವ ಬಗೆಯವರೆಗೆ ನಾಲ್ಕರ ವ್ಯವಹಾರವೂ ಬೇರೆಬೇರೆ.

ಹೊಸದಾಗಿ ಇತ್ತ ಬರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಜಾಲತಾಣದಲ್ಲಿ ಟೆಂಡರುಗಳು ಹೆಚ್ಚು ಎಂಬುದು. ಸಣ್ಣ ಘಟಕದ ಮಟ್ಟಿಗೆ ಆ ಪ್ರಶ್ನೆಯನ್ನು ಕೊನೆಗೆ ಕೇಳಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸರಕು ಇಳಿಸಿದ ಮೇಲೆ ಯಾರ ಸಹಿ ಬಿದ್ದರೆ ಹಣ ಹೊರಡುತ್ತದೆ, ಆ ಸಹಿ ತಡವಾದರೆ ನನ್ನ ಓವರ್‌ಡ್ರಾಫ್ಟ್ ಎಷ್ಟು ತಿಂಗಳು ತಾಳುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಮುಂದಿನ ಹೋಲಿಕೆಯನ್ನು ಈ ಪ್ರಶ್ನೆಯ ಸುತ್ತಲೇ ಮಾಡಿದ್ದೇನೆ.

ಸರಕಿನ ಸ್ವಭಾವ ಮೊದಲು

ದಾರಿಯನ್ನು ಆರಿಸುವ ಮುನ್ನ ನಿಮ್ಮ ಸರಕು ಯಾವ ಜಾತಿಯದು ಎಂದು ಗುರುತಿಸಿಕೊಳ್ಳಬೇಕು. ಮೇಜು, ಕುರ್ಚಿ, ಕಂಪ್ಯೂಟರು, ಎಲ್‌ಇಡಿ ದೀಪ, ಕಾಗದ ಇವೆಲ್ಲ ಪಟ್ಟಿಯ ಸರಕುಗಳು. ಅಳತೆ, ಗುಣಮಟ್ಟ ಮೊದಲೇ ನಿಗದಿಯಾಗಿರುವುದರಿಂದ ಕೊಳ್ಳುವವನು ಬೆಲೆಯನ್ನಷ್ಟೇ ಹೋಲಿಸುತ್ತಾನೆ. ಡ್ರಾಯಿಂಗ್ ಕೊಟ್ಟು ಮಾಡಿಸುವ ಬಿಡಿಭಾಗ ಎರಡನೆಯ ಜಾತಿ. ಇಲ್ಲಿ ಬೆಲೆಯಷ್ಟೇ ಯಂತ್ರ, ಅಳತೆಯ ನಿಖರತೆ, ಹಿಂದಿನ ಕೆಲಸ ಎಲ್ಲಕ್ಕೂ ತೂಕವಿದೆ. ರಸ್ತೆ, ಚರಂಡಿ, ಶಾಲಾ ಕೊಠಡಿಯಂಥ ಕಾಮಗಾರಿ ಮೂರನೆಯದು. ಪಟ್ಟಿಯ ಸರಕಿಗೆ ಜೆಮ್ ಸಹಜವಾದ ದಾರಿ, ಡ್ರಾಯಿಂಗಿನ ಸರಕಿಗೆ ಸಾರ್ವಜನಿಕ ಉದ್ಯಮ ಮತ್ತು ರೈಲ್ವೆ, ಕಾಮಗಾರಿಗೆ ರಾಜ್ಯದ ಕೆಪಿಪಿಪಿ. ಈ ಸಾಮಾನ್ಯ ನಿಯಮವನ್ನು ಮೀರಿ ಹೋಗಲು ನಿಮಗೆ ಗಟ್ಟಿಯಾದ ಕಾರಣ ಇರಬೇಕು.

ಸ್ವಂತವಾಗಿ ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳು ಇಲ್ಲಿಯೇ ಒಂದು ಮಾತನ್ನು ಗಮನಿಸಬೇಕು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಕೇಂದ್ರದಲ್ಲಿ ಮಾಡಿಸುವ ನೋಂದಣಿ, ಇದ್ದ ಮಾತ್ರಕ್ಕೆ ಸರ್ಕಾರಿ ಖರೀದಿಯ ಎಲ್ಲ ರಿಯಾಯಿತಿಗಳೂ ಸಿಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ತೆರೆದದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ಕೇಂದ್ರದ 2012ರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಖರೀದಿ ನೀತಿಯ ಲಾಭ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಸಲ್ಲುತ್ತದೆ, ವ್ಯಾಪಾರಿಗಳಿಗೆ ಸಲ್ಲುವುದಿಲ್ಲ. ಹೀಗಾಗಿ ಒಂದೇ ಮೇಜಿಗೆ ದರ ಹಾಕುವ ತಯಾರಕ ಮತ್ತು ವ್ಯಾಪಾರಿ ಒಂದೇ ನೆಲದ ಮೇಲೆ ನಿಂತಿರುವುದಿಲ್ಲ.

ಜೆಮ್: ಒಳಹೋಗುವುದು ಸುಲಭ, ದರದ ಪೈಪೋಟಿ ಕಠಿಣ

ಸರ್ಕಾರಿ ಇ-ಮಾರುಕಟ್ಟೆ 2016ರ ಆಗಸ್ಟ್ 9ರಂದು ಆರಂಭವಾಯಿತು. 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೆಯ ನಿಯಮವು, ಅಲ್ಲಿ ದೊರೆಯುವ ಸರಕು ಮತ್ತು ಸೇವೆಗಳನ್ನು ಕೇಂದ್ರದ ಸಚಿವಾಲಯಗಳು ಮತ್ತು ಇಲಾಖೆಗಳು ಅಲ್ಲಿಯೇ ಕೊಳ್ಳಬೇಕೆಂದು ಕಡ್ಡಾಯ ಮಾಡಿತು. 2024-25ರಲ್ಲಿ ಈ ತಾಣದ ಒಟ್ಟು ವಹಿವಾಟು ಸುಮಾರು 5.4 ಲಕ್ಷ ಕೋಟಿ ರೂಪಾಯಿ ತಲುಪಿತು. ಪ್ಯಾನ್, ಜಿಎಸ್‌ಟಿ, ಉದ್ಯಮ್ ಸಂಖ್ಯೆ, ಬ್ಯಾಂಕ್ ಖಾತೆ ಇದ್ದರೆ ಮನೆಯಲ್ಲೇ ಕುಳಿತು ಮಾರಾಟಗಾರನಾಗಿ ನೋಂದಾಯಿಸಿಕೊಳ್ಳಬಹುದು. ಬೇರೆ ಟೆಂಡರ್ ತಾಣಗಳಿಗೆ ಬೇಕಾಗುವ ಡಿಜಿಟಲ್ ಸಹಿಯ ಡಾಂಗಲ್ ಇಲ್ಲಿ ಇಲ್ಲದೆಯೂ, ಆಧಾರ್ ಒಟಿಪಿ ಮೂಲಕ ನಡೆಯುತ್ತದೆ.

ಶುಲ್ಕದ ವಿಚಾರದಲ್ಲಿ ಆದ ಬದಲಾವಣೆ ಸಣ್ಣವರ ಪರವಾಗಿದೆ. 2024ರ ಆಗಸ್ಟ್ 9ರಿಂದ 10 ಲಕ್ಷ ರೂಪಾಯಿವರೆಗಿನ ಆರ್ಡರುಗಳಿಗೆ ವಹಿವಾಟು ಶುಲ್ಕವಿಲ್ಲ. 10 ಲಕ್ಷದಿಂದ 10 ಕೋಟಿವರೆಗೆ ಶೇ 0.30, ಅದಕ್ಕೂ ಮೇಲ್ಪಟ್ಟರೆ ಒಟ್ಟಾರೆ 3 ಲಕ್ಷ ರೂಪಾಯಿ. ದೊಡ್ಡ ಆರ್ಡರಿನ ಮೇಲೆ ಹಿಂದೆ 72.5 ಲಕ್ಷ ರೂಪಾಯಿವರೆಗೂ ಶುಲ್ಕ ಬೀಳುತ್ತಿತ್ತು ಎಂಬುದನ್ನು ನೆನೆದರೆ ಈ ಇಳಿಕೆಯ ಗಾತ್ರ ತಿಳಿಯುತ್ತದೆ.

ಜೆಮ್‌ನಲ್ಲಿ ಖರೀದಿ ಮೂರು ಬಗೆಯಲ್ಲಿ ನಡೆಯುತ್ತದೆ. ಅತಿ ಸಣ್ಣ ಮೊತ್ತಕ್ಕೆ ಕೊಳ್ಳುವ ಅಧಿಕಾರಿ ನೇರವಾಗಿ ಆರಿಸಿಕೊಳ್ಳುತ್ತಾರೆ. ನಡುವಿನ ಮೊತ್ತಕ್ಕೆ ಕನಿಷ್ಠ ಮೂರು ಬೇರೆಬೇರೆ ತಯಾರಕರ ಸರಕನ್ನು ಹೋಲಿಸಿ ಕಡಿಮೆ ದರದವರಿಗೆ ಕೊಡುತ್ತಾರೆ. ದೊಡ್ಡ ಮೊತ್ತಕ್ಕೆ ಬಿಡ್ ಕರೆಯಬೇಕು, ಬೇಕಿದ್ದರೆ ಅದರ ಮೇಲೆ ರಿವರ್ಸ್ ಆಕ್ಷನ್ ನಡೆಸಬಹುದು. ಹೊಸ ಘಟಕ ಮೊದಲ ಆರು ತಿಂಗಳು ಮೊದಲ ಎರಡು ಬಗೆಗಳನ್ನಷ್ಟೇ ನೆಚ್ಚಿಕೊಳ್ಳಬೇಕೆಂದು ನಾನು ಸಲಹೆ ಕೊಡುತ್ತೇನೆ. ರಿವರ್ಸ್ ಆಕ್ಷನ್ ಎಂದರೆ ದರ ಇಳಿಸುತ್ತ ಹೋಗುವ ಹರಾಜು. ಗಡಿಯಾರ ಓಡುತ್ತಿರುವಾಗ, ಎದುರಾಳಿಯ ದರ ಪರದೆಯ ಮೇಲೆ ಕಾಣುತ್ತಿರುವಾಗ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಕನಿಷ್ಠ ದರವನ್ನು ದಾಟಿ ಕೆಳಗಿಳಿದವರನ್ನು ಬಹಳ ಕಂಡಿದ್ದೇನೆ. ಆಕ್ಷನ್‌ಗೆ ಕೂರುವ ಮುನ್ನ ಕನಿಷ್ಠ ದರವನ್ನು ಕಾಗದದ ಮೇಲೆ ಬರೆದು, ಅದನ್ನು ಘಟಕದ ಇನ್ನೊಬ್ಬ ಪಾಲುದಾರರ ಕೈಗೆ ಕೊಟ್ಟು, ಅವರ ಒಪ್ಪಿಗೆಯಿಲ್ಲದೆ ಅದರ ಕೆಳಗೆ ಇಳಿಯುವುದಿಲ್ಲವೆಂದು ಕಟ್ಟು ಮಾಡಿಕೊಳ್ಳುವುದು ಒಳ್ಳೆಯದು.

ಬಿಡ್ ದಾಖಲೆಯ ಮೊದಲ ಪುಟದಲ್ಲೇ ಹೋಗಬೇಕೇ ಬೇಡವೇ ಎಂಬುದಕ್ಕೆ ಬೇಕಾದ ಮಾಹಿತಿಯೆಲ್ಲ ಇರುತ್ತದೆ, ಆದರೆ ಬಹಳ ಮಂದಿ ಅದನ್ನು ಓದದೆ ದರದ ಪುಟಕ್ಕೆ ಹಾರುತ್ತಾರೆ. ಹಿಂದಿನ ಅನುಭವ ಮತ್ತು ವಾರ್ಷಿಕ ವಹಿವಾಟಿನ ಷರತ್ತಿನಿಂದ ಸಣ್ಣ ಉದ್ಯಮಗಳಿಗೆ ವಿನಾಯಿತಿ ಇದೆಯೇ ಎಂಬ ಸಾಲಿನ ಮುಂದೆ "ಇಲ್ಲ" ಎಂದಿದ್ದರೆ, ಮೂರು ವರ್ಷ ತುಂಬದ ಘಟಕ ಅಲ್ಲಿಗೇ ನಿಲ್ಲಬೇಕು. ಬಿಡ್ಡಿನ ನಂತರ ರಿವರ್ಸ್ ಆಕ್ಷನ್ ಇದೆಯೇ ಎಂಬ ಸಾಲು ನಿಮ್ಮ ಮೊದಲ ದರವನ್ನು ಎಷ್ಟು ಬಿಗಿಯಾಗಿ ಹಾಕಬೇಕೆಂದು ಹೇಳುತ್ತದೆ. ಆಕ್ಷನ್ ಇದ್ದು ಅತಿ ಹೆಚ್ಚು ದರ ಹಾಕಿದವರನ್ನು ಹೊರಗಿಡುವ ಷರತ್ತಿದ್ದರೆ, ಆಮೇಲೆ ಇಳಿಸಿದರಾಯಿತು ಎಂದು ಮೊದಲು ಹೆಚ್ಚಿಗೆ ಹಾಕುವ ಜಾಣತನ ತಿರುಗಿ ಬಡಿಯುತ್ತದೆ. ಪ್ರಮಾಣವನ್ನು ಸಾಮಾನ್ಯವಾಗಿ ಶೇ 25ರವರೆಗೆ ಹೆಚ್ಚಿಸುವ ಅಥವಾ ಇಳಿಸುವ ಹಕ್ಕನ್ನು ಕೊಳ್ಳುವವರು ಇಟ್ಟುಕೊಂಡಿರುತ್ತಾರೆ. 200 ಮೇಜಿಗೆ ಉಕ್ಕು ಲೆಕ್ಕ ಹಾಕಿದವರು ಅದೇ ದರಕ್ಕೆ 250 ಕೊಡಲು ಸಿದ್ಧರಿರಬೇಕು. ಕನ್‌ಸೈನಿ, ಅಂದರೆ ಸರಕನ್ನು ಪಡೆದುಕೊಳ್ಳುವ ಅಧಿಕಾರಿ, ಇರುವ ವಿಳಾಸಗಳ ಪಟ್ಟಿಯನ್ನಂತೂ ಎರಡು ಸಲ ಓದಬೇಕು. ಬೆಂಗಳೂರಿನ ಕಚೇರಿ ಕರೆದ ಬಿಡ್ಡಿನಲ್ಲಿ ಸರಕು ಇಳಿಸಬೇಕಾದ ಜಾಗ ಬೀದರ್, ಕಾರವಾರ, ಶ್ರೀ ವಿಜಯಪುರಂ (ಹಿಂದಿನ ಪೋರ್ಟ್‌ಬ್ಲೇರ್) ಎಂದು ಹಂಚಿಹೋಗಿದ್ದರೆ ಸಾಗಣೆಯ ಖರ್ಚೇ ಲಾಭವನ್ನು ತಿಂದುಹಾಕುತ್ತದೆ. ಜೆಮ್‌ನಲ್ಲಿ ಸರಕಿಗೆ ಹಾಕುವ ದರ ಜಿಎಸ್‌ಟಿ ಮತ್ತು ಸಾಗಣೆಯನ್ನು ಒಳಗೊಂಡದ್ದು ಎಂಬುದನ್ನು ಮರೆತು ಕಾರ್ಖಾನೆ ಬಾಗಿಲಿನ ದರ ಹಾಕಿದವರಿಗೆ ಆ ತಪ್ಪನ್ನು ತಿದ್ದಲು ಎರಡನೆಯ ಅವಕಾಶ ಸಿಗುವುದಿಲ್ಲ.

ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಇಲ್ಲಿ ನಿಜವಾದ ಅನುಕೂಲಗಳಿವೆ. ಕೇಂದ್ರದ ಇಲಾಖೆಗಳು ಮತ್ತು ಉದ್ಯಮಗಳು ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಇಂಥ ಘಟಕಗಳಿಂದ ಕೊಳ್ಳಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ ಮತ್ತು ಪಂಗಡದ ಉದ್ದಿಮೆದಾರರಿಗೆ, ಶೇ 3 ಮಹಿಳಾ ಉದ್ದಿಮೆದಾರರಿಗೆ. ನಿಮ್ಮ ದರ ಕನಿಷ್ಠ ದರಕ್ಕಿಂತ ಶೇ 15ರೊಳಗೆ ಹೆಚ್ಚಿದ್ದರೂ, ಆ ಕನಿಷ್ಠ ದರವನ್ನು ಹಾಕಿದವರು ಸಣ್ಣ ಉದ್ಯಮದವರಲ್ಲದಿದ್ದರೆ, ಅದಕ್ಕೆ ಇಳಿದು ಒಂದು ಪಾಲನ್ನು ಪಡೆಯುವ ಅವಕಾಶ ನಿಮಗಿದೆ. ಬಿಡ್ಡಿನ ಜೊತೆ ಇಡಬೇಕಾದ ಮುಂಗಡ ಠೇವಣಿಯಿಂದ, ಅಂದರೆ ಇಎಂಡಿಯಿಂದ, ವಿನಾಯಿತಿ ಇದೆ. ಆದರೆ ಆರ್ಡರ್ ಸಿಕ್ಕ ಮೇಲೆ, ಒಪ್ಪಿದಂತೆ ನಡೆದುಕೊಳ್ಳುವ ಭರವಸೆಯಾಗಿ ಕಟ್ಟಬೇಕಾದ ಪರ್ಫಾರ್ಮೆನ್ಸ್ ಗ್ಯಾರಂಟಿಯಿಂದ ವಿನಾಯಿತಿ ಇಲ್ಲ. ಇವೆರಡನ್ನೂ ಒಂದೆಂದು ತಿಳಿದು, ಆರ್ಡರ್ ಬಂದ ದಿನ ಬ್ಯಾಂಕ್ ಗ್ಯಾರಂಟಿಗಾಗಿ ಮ್ಯಾನೇಜರ ಮುಂದೆ ಕೂರುವವರು ಕಡಿಮೆಯಿಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ವ್ಯಾಖ್ಯೆ ಹಿಗ್ಗಿದೆ. ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿವರೆಗೆ ಸೂಕ್ಷ್ಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ. ಇದರಿಂದ ನಿನ್ನೆಯವರೆಗೆ ಮಧ್ಯಮ ಎನಿಸಿಕೊಂಡಿದ್ದ ಕಾರ್ಖಾನೆಗಳೂ ಇಂದು ನಿಮ್ಮ ಸಾಲಿನಲ್ಲೇ ನಿಂತು ಅದೇ ರಿಯಾಯಿತಿಯನ್ನು ಪಡೆಯುತ್ತಿವೆ. ಹನ್ನೆರಡು ಕೆಲಸಗಾರರ ಘಟಕಕ್ಕೆ ಇದು ಪೈಪೋಟಿಯನ್ನು ಹೆಚ್ಚಿಸಿರುವ ಬದಲಾವಣೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಹಣ ಬರುವ ಬಗೆ ಜೆಮ್‌ನಲ್ಲಿ ಕಾಗದದ ಮೇಲೆ ಬಹಳ ಅಚ್ಚುಕಟ್ಟಾಗಿದೆ. ಸರಕು ತಲುಪಿದ 10 ದಿನಗಳಲ್ಲಿ ಕನ್‌ಸೈನಿ ಅದನ್ನು ಪರಿಶೀಲಿಸಿ ಸ್ವೀಕೃತಿ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಕರೆಯುವ ಸಿಆರ್‌ಎಸಿಯನ್ನು, ಕೊಡಬೇಕು. ಅದಾದ 10 ದಿನಗಳಲ್ಲಿ ಹಣ ಸಂದಾಯವಾಗಬೇಕು. ಬಹಳಷ್ಟು ಕೇಂದ್ರ ಕಚೇರಿಗಳು ಇದನ್ನು ಪಾಲಿಸುತ್ತವೆ. ತಡವಾಗುವ ಜಾಗ ಹೆಚ್ಚಾಗಿ ಆ ಸ್ವೀಕೃತಿಯೇ: ಕನ್‌ಸೈನಿ ವರ್ಗವಾಗಿರುತ್ತಾರೆ, ಲಾಗಿನ್ ಹೊಸಬರಿಗೆ ಬಂದಿರುವುದಿಲ್ಲ, ಸರಕು ಗೋದಾಮಿನಲ್ಲಿ ಇರುತ್ತದೆ, ತಾಣದಲ್ಲಿ ಮಾತ್ರ ತಲುಪಿಲ್ಲವೆಂದೇ ತೋರುತ್ತಿರುತ್ತದೆ.

ಕೆಪಿಪಿಪಿ: ಹಿಂದೆ ಕಾಯ್ದೆಯ ಬಲ, ಮುಂದೆ ಖಜಾನೆಯ ಕಾಯುವಿಕೆ

ಕೇಂದ್ರದಲ್ಲಿ ಸರ್ಕಾರಿ ಖರೀದಿಗೆಂದೇ ಒಂದು ಕಾಯ್ದೆ ಇಂದಿಗೂ ಇಲ್ಲ. 2012ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಅಲ್ಲಿ ನಡೆಯುತ್ತಿರುವುದು ಹಣಕಾಸು ನಿಯಮಗಳ ಮತ್ತು ಕೈಪಿಡಿಗಳ ಆಡಳಿತ. ಕರ್ನಾಟಕದಲ್ಲಿ ಹಾಗಲ್ಲ. ತಮಿಳುನಾಡು 1998ರಲ್ಲಿ ಮಾಡಿದ ಕಾನೂನಿನ ಬೆನ್ನಿಗೇ ನಮ್ಮ ರಾಜ್ಯ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ತಂದಿತು. ಕಚೇರಿಗಳಲ್ಲಿ ಅದರ ಹೆಸರು ಕೆಟಿಪಿಪಿ. ಟೆಂಡರ್ ಕರೆಯುವ ಪ್ರಾಧಿಕಾರ ಮತ್ತು ಅದನ್ನು ಅಂಗೀಕರಿಸುವ ಪ್ರಾಧಿಕಾರ ಯಾವುವು ಎಂದು ಮೊದಲೇ ಗೊತ್ತಾಗಿರಬೇಕು, ಅಂಗೀಕಾರದ ಆದೇಶದಿಂದ ನೊಂದ ಟೆಂಡರುದಾರ 16ನೆಯ ಕಲಮಿನ ಪ್ರಕಾರ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ಜೆಮ್‌ನಲ್ಲಿ ತಾಂತ್ರಿಕ ಹಂತದಲ್ಲಿ ನಿಮ್ಮನ್ನು ತಿರಸ್ಕರಿಸಿದರೆ ಆಕ್ಷೇಪ ಎತ್ತಲು ಸಿಗುವ ಕಾಲ ಬಹಳ ಕಿರಿದು, ಉತ್ತರಿಸುವವರೂ ತಿರಸ್ಕರಿಸಿದ ಅದೇ ಕೊಳ್ಳುಗರು. ಹೋಲಿಸಿದರೆ ಕಾನೂನಿನ ಆಸರೆ ರಾಜ್ಯದ ದಾರಿಯಲ್ಲೇ ಹೆಚ್ಚು ಗಟ್ಟಿಯಾಗಿದೆ. ಈ ಹೆಮ್ಮೆಯ ಸಂಗತಿಯನ್ನು ನಮ್ಮ ಉದ್ದಿಮೆದಾರರೇ ಸಾಕಷ್ಟು ಬಳಸಿಕೊಳ್ಳುತ್ತಿಲ್ಲ.

ಹಳೆಯ ಇ-ಪ್ರೊಕ್ಯೂರ್‌ಮೆಂಟ್ ತಾಣದ ಜಾಗದಲ್ಲಿ ಈಗ ಕೆಪಿಪಿಪಿ ನಡೆಯುತ್ತಿದೆ. ಇಲ್ಲಿ ಮೂರನೆಯ ದರ್ಜೆಯ ಡಿಜಿಟಲ್ ಸಹಿ ಬೇಕು, ಟೆಂಡರ್ ಸಂಸ್ಕರಣೆಯ ಶುಲ್ಕ ಕಟ್ಟಬೇಕು, ಇಎಂಡಿ ತಾಣದ ಮೂಲಕವೇ ಹೋಗಬೇಕು. ದೊಡ್ಡ ಟೆಂಡರುಗಳು ಎರಡು ಲಕೋಟೆಯವು: ಮೊದಲು ತಾಂತ್ರಿಕ, ಅದರಲ್ಲಿ ತೇರ್ಗಡೆಯಾದವರದು ಮಾತ್ರ ಹಣಕಾಸಿನದು. ಕಾಮಗಾರಿಗಳಿಗೆ ಮೊತ್ತಕ್ಕೆ ತಕ್ಕಂತೆ ಕೆಡಬ್ಲ್ಯು ಸರಣಿಯ ಮಾದರಿ ದಾಖಲೆಗಳಿವೆ. ಕೆಟಿಪಿಪಿಯ ನಾಲ್ಕನೆಯ ಕಲಮಿನಲ್ಲಿ ವಿನಾಯಿತಿಗಳ ಪಟ್ಟಿಯಿದೆ. ಅದರ ಜಿ ಉಪಕಲಮಿನಡಿ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಯನ್ನು ಟೆಂಡರಿನಿಂದ ಹೊರಗಿಡಬಹುದು. ನಿರ್ಮಿತಿ ಕೇಂದ್ರ, ಕೆಆರ್‌ಐಡಿಎಲ್‌ನಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ನೇರವಾಗಿ ವಹಿಸಿದ ಕೆಲಸಗಳು ನಿಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ವಿಚಾರಿಸಿಕೊಂಡರೆ, ತೆರೆದ ಟೆಂಡರಿಗೆ ಬರುವ ಕೆಲಸ ಎಷ್ಟು ಉಳಿದಿದೆ ಎಂಬ ಅಂದಾಜು ಸಿಗುತ್ತದೆ.

ಮೀಸಲಾತಿಯ ವಿಷಯದಲ್ಲಿ ಪತ್ರಿಕೆಯ ತಲೆಬರಹಗಳನ್ನು ನಂಬಿ ನಿರ್ಧಾರ ಮಾಡಬಾರದು. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಎಂದು ಮೊದಲು 50 ಲಕ್ಷ ರೂಪಾಯಿವರೆಗಿನ ಕೆಲಸಗಳಿಗೆ ಇದ್ದ ಮೀಸಲು 2023ರಲ್ಲಿ 1 ಕೋಟಿವರೆಗೆ ಏರಿತು. ಈ ಮಿತಿಯನ್ನು ಕಾಮಗಾರಿಗೆ 2 ಕೋಟಿಗೆ ಏರಿಸಿ, ಸರಕು ಮತ್ತು ಸೇವೆಗಳಿಗೂ 1 ಕೋಟಿವರೆಗೆ ವಿಸ್ತರಿಸಿ, ಪ್ರವರ್ಗ 2ಬಿಗೆ ಶೇ 4 ಸೇರಿಸಿದ ತಿದ್ದುಪಡಿ ಮಸೂದೆಗೆ 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಮಸೂದೆ ಅಂಗೀಕಾರವಾದ ಸುದ್ದಿ ಓದಿ, ಸರಕಿನ ಟೆಂಡರಿನಲ್ಲೂ ಮೀಸಲು ಬಂದಿದೆಯೆಂದು ಸಿದ್ಧತೆ ನಡೆಸಿದವರು ನನಗೆ ಗೊತ್ತು. ಟೆಂಡರ್ ಪ್ರಕಟಣೆಯಲ್ಲಿ ಪ್ರವರ್ಗದ ಅಂಕಣದಲ್ಲಿ ಏನು ಬರೆದಿದೆಯೋ ನಿಮಗೆ ಅನ್ವಯವಾಗುವುದು ಅದು ಮಾತ್ರ.

ರಾಜ್ಯದ ದಾರಿಯ ದೊಡ್ಡ ತೊಡಕು ಹಣ. ಕಾಮಗಾರಿಯಾದರೆ ಎಂಬಿ ಪುಸ್ತಕದಲ್ಲಿ ಅಳತೆ ದಾಖಲಾಗಿ, ಬಿಲ್ಲು ಪಾಸಾಗಿ, ಹಣ ಪಾವತಿಗೆ ಒಪ್ಪಿಗೆ ಕೊಡುವ ಎಲ್‌ಒಸಿ ಪತ್ರ ಬಿಡುಗಡೆಯಾಗುವವರೆಗೆ ಕಾಯಬೇಕು. ಬಿಲ್ಲಿನಲ್ಲಿ ಎಫ್‌ಎಸ್‌ಡಿ (ಹೆಚ್ಚಿನ ಭದ್ರತಾ ಠೇವಣಿ) ಮತ್ತು ಶೇ 1ರ ಕಾರ್ಮಿಕ ಸೆಸ್ ಹಿಡಿದುಕೊಳ್ಳುತ್ತಾರೆ. ಬಾಕಿ ಬಿಲ್ಲುಗಳ ಬಗ್ಗೆ ರಾಜ್ಯದ ಗುತ್ತಿಗೆದಾರರ ಸಂಘ ಒಂದಕ್ಕಿಂತ ಹೆಚ್ಚು ಸರ್ಕಾರಗಳ ಅವಧಿಯಲ್ಲಿ ಬಹಿರಂಗವಾಗಿ ದೂರಿದೆ. ಸರಕಿನ ಸರಬರಾಜಿನಲ್ಲಿ ಸ್ಥಿತಿ ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ, ಆದ್ದರಿಂದ ದರ ಹಾಕುವ ಮುನ್ನ ಆ ಇಲಾಖೆಗೆ ಹಿಂದಿನ ವರ್ಷ ಸರಬರಾಜು ಮಾಡಿದವರನ್ನು ಹುಡುಕಿ ಒಂದು ಮಾತು ಕೇಳಬೇಕು: ಅನುದಾನ ಬಂದಿತ್ತೇ, ಬಂದಮೇಲೆ ಎಷ್ಟು ದಿನಕ್ಕೆ ಹಣ ಸಿಕ್ಕಿತು? ಅನುದಾನ ಮಂಜೂರಾಗದೆ ಕರೆದ ಟೆಂಡರಿನಲ್ಲಿ ಗೆಲ್ಲುವುದಕ್ಕಿಂತ ಸೋಲುವುದೇ ಲೇಸು.

ರೈಲ್ವೆ ಮತ್ತು ಸಾರ್ವಜನಿಕ ಉದ್ಯಮಗಳು

ರೈಲ್ವೆಯ ಬಗ್ಗೆ ಚಿಕ್ಕದಾಗಿ ಹೇಳಬಹುದು. ಸುರಕ್ಷತೆಗೆ ಸಂಬಂಧಿಸಿದ ಬಿಡಿಭಾಗಗಳಿಗೆ ಆರ್‌ಡಿಎಸ್‌ಒ (ರೈಲ್ವೆಯ ಸಂಶೋಧನಾ ಸಂಸ್ಥೆ) ಮುಂತಾದ ಸಂಸ್ಥೆಗಳ ಅನುಮೋದಿತ ವೆಂಡರ್ ಪಟ್ಟಿಯಲ್ಲಿ ಹೆಸರಿರಬೇಕು, ಆ ಅನುಮೋದನೆಗೆ ಕಾಲವೂ ಪರೀಕ್ಷೆಗಳ ಖರ್ಚೂ ಹಿಡಿಯುತ್ತದೆ, ಸರಕು ಕಳಿಸುವ ಮುನ್ನ ತಪಾಸಣೆ ಇರುತ್ತದೆ. ಆದರೆ ಒಮ್ಮೆ ಪಟ್ಟಿಗೆ ಸೇರಿದವರಿಗೆ ಪೈಪೋಟಿ ಕಡಿಮೆ, ಬೇಡಿಕೆ ವರ್ಷವರ್ಷವೂ ಮರುಕಳಿಸುತ್ತದೆ. ಹುಬ್ಬಳ್ಳಿಯ ಕಾರ್ಯಾಗಾರ, ಯಲಹಂಕದ ರೈಲು ಗಾಲಿ ಕಾರ್ಖಾನೆಗಳ ಸುತ್ತಮುತ್ತಲಿನ ಘಟಕಗಳಿಗೆ ಇದು ಕಷ್ಟಪಟ್ಟು ಹತ್ತಬಹುದಾದ ಮೆಟ್ಟಿಲು.

ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳ ದಾರಿ ನಿಧಾನದ್ದು. ವೆಂಡರ್ ನೋಂದಣಿ, ಕಾರ್ಖಾನೆಯ ಪರಿಶೀಲನೆ, ಮೊದಲ ಮಾದರಿಯ ತಪಾಸಣೆ, ವಿಮಾನದ ಭಾಗವಾದರೆ ಗುಣಮಟ್ಟದ ಎಎಸ್ 9100 ಪ್ರಮಾಣಪತ್ರ, ಇಷ್ಟೆಲ್ಲ ಆದ ಮೇಲೆ ಮೊದಲ ಆರ್ಡರ್ ಚಿಕ್ಕದೇ ಇರುತ್ತದೆ. ಆದರೂ ಯಂತ್ರ ಚೆನ್ನಾಗಿದ್ದು ಬಂಡವಾಳ ಕಡಿಮೆಯಿರುವ ಘಟಕಕ್ಕೆ ನಾಲ್ಕರಲ್ಲಿ ಇದೇ ಉತ್ತಮವೆಂದು ನಾನು ಭಾವಿಸುತ್ತೇನೆ. ಕಾರಣ, ಬಹಳಷ್ಟು ಜಾಬ್ ವರ್ಕಿನಲ್ಲಿ ಕಚ್ಚಾ ಲೋಹವನ್ನು ಕಂಪನಿಯೇ ಕೊಡುತ್ತದೆ. ಲೋಹಕ್ಕೆ ಹಣ ಹೂಡಬೇಕಿಲ್ಲವೆಂದರೆ ನಿಮ್ಮ ಓವರ್‌ಡ್ರಾಫ್ಟ್ ಕೂಲಿ ಮತ್ತು ವಿದ್ಯುತ್ತಿಗೆ ಮಾತ್ರ ಬಳಕೆಯಾಗುತ್ತದೆ. ರಕ್ಷಣಾ ಉತ್ಪಾದನಾ ಇಲಾಖೆ 2020ರಲ್ಲಿ ತೆರೆದ ಸೃಜನ್ ತಾಣದಲ್ಲಿ, ಹೊರದೇಶದಿಂದ ತರಿಸುತ್ತಿದ್ದ ಯಾವ ಯಾವ ಭಾಗಗಳನ್ನು ಇಲ್ಲಿಯೇ ಮಾಡಿಸಬೇಕೆಂದಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ನಿಮ್ಮ ಲೇತು, ಮಿಲ್ಲಿಂಗ್ ಯಂತ್ರಕ್ಕೆ ಹೊಂದುವ ಭಾಗ ಇದೆಯೇ ಎಂದು ಒಂದು ಸಂಜೆ ಕುಳಿತು ನೋಡುವುದು ವ್ಯರ್ಥವಾಗದು. ಸೇನಾಪಡೆಗಳ ರಾಜಸ್ವ ಖರೀದಿಗೆ, ಅಂದರೆ ನಿತ್ಯದ ಬಳಕೆ ಮತ್ತು ದುರಸ್ತಿಯ ಖರೀದಿಗೆ, 2025ರ ನವೆಂಬರ್ 1ರಿಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಜಾರಿಯಾಗಿದ್ದು, ದೇಶೀಯವಾಗಿ ಅಭಿವೃದ್ಧಿಪಡಿಸಿದ ವಸ್ತುಗಳಿಗೆ 5 ವರ್ಷಗಳವರೆಗೆ ಖಾತರಿಯ ಆರ್ಡರ್ ಕೊಡುವ ಅವಕಾಶ ಅದರಲ್ಲಿದೆ.

ಒಂದು ಆರ್ಡರಿನ ಲೆಕ್ಕ

ಮಾತಿಗಿಂತ ಅಂಕಿಗಳಲ್ಲಿ ನೋಡೋಣ. ಜಿಎಸ್‌ಟಿ ಸೇರಿ 20 ಲಕ್ಷ ರೂಪಾಯಿಯ ಮೇಜುಗಳ ಆರ್ಡರ್ ಜೆಮ್‌ನಲ್ಲಿ ಸಿಕ್ಕಿತು, ತೆರಿಗೆ ಶೇ 18 ಎಂದಿಟ್ಟುಕೊಳ್ಳಿ. ತೆರಿಗೆ ಬಿಟ್ಟ ಮೌಲ್ಯ ಸುಮಾರು 16.95 ಲಕ್ಷ. ವಹಿವಾಟು ಶುಲ್ಕ 6,000 ರೂಪಾಯಿ. ಪರ್ಫಾರ್ಮೆನ್ಸ್ ಗ್ಯಾರಂಟಿ ಶೇ 5 ಕೇಳಿದ್ದರೆ 1 ಲಕ್ಷ ರೂಪಾಯಿ, ವಾರಂಟಿ ಮುಗಿಯುವವರೆಗೂ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿರುತ್ತದೆ. ತೆರಿಗೆ ಬಿಟ್ಟ ಮೌಲ್ಯ 2.5 ಲಕ್ಷ ಮೀರಿದ ಒಪ್ಪಂದವಾದ್ದರಿಂದ ಸರ್ಕಾರಿ ಕಚೇರಿ ಶೇ 2ರ ಜಿಎಸ್‌ಟಿ ಟಿಡಿಎಸ್ (ಬಿಲ್ಲಿನಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತದೆ, ಅದು ಸುಮಾರು 34,000 ರೂಪಾಯಿ. ಕಚೇರಿ ತನ್ನ ವಿವರಪಟ್ಟಿ ಸಲ್ಲಿಸಿದ ಮೇಲಷ್ಟೇ ಆ ಹಣ ನಿಮ್ಮ ಎಲೆಕ್ಟ್ರಾನಿಕ್ ನಗದು ಖಾತೆಗೆ ಬರುತ್ತದೆ. ನೀವು ಮಾತ್ರ, ಕಚೇರಿಯಿಂದ ಒಂದು ಕಾಸು ಬರದಿದ್ದರೂ, ಇನ್‌ವಾಯ್ಸ್ ಮೇಲಿನ 3.05 ಲಕ್ಷ ತೆರಿಗೆಯಲ್ಲಿ ಇನ್‌ಪುಟ್ ಕ್ರೆಡಿಟ್ (ಕಚ್ಚಾ ಸರಕು ಕೊಳ್ಳುವಾಗ ಕಟ್ಟಿದ ತೆರಿಗೆ) ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು.

ಉಕ್ಕು, ಬಣ್ಣ, ಕೂಲಿಗೆ ಓವರ್‌ಡ್ರಾಫ್ಟಿನಿಂದ 13 ಲಕ್ಷ ತೆಗೆದಿದ್ದು ವರ್ಷಕ್ಕೆ ಶೇ 11ರ ಬಡ್ಡಿಯಿದ್ದರೆ, ತಿಂಗಳಿಗೆ ಸುಮಾರು 11,900 ರೂಪಾಯಿ ಬಡ್ಡಿ. ಈ ಆರ್ಡರಿನಲ್ಲಿ ನೀವು ನಿರೀಕ್ಷಿಸಿದ ಲಾಭ ಶೇ 6, ಅಂದರೆ 1.02 ಲಕ್ಷ. ಹಣ ನಿಗದಿತ ಕಾಲಕ್ಕಿಂತ ನಾಲ್ಕು ತಿಂಗಳು ತಡವಾದರೆ 47,600 ರೂಪಾಯಿ ಬಡ್ಡಿಗೆ ಹೋಯಿತು. ಲಾಭದ ಹತ್ತಿರ ಹತ್ತಿರ ಅರ್ಧ. ಎಂಟು ತಿಂಗಳಾದರೆ ಉಳಿದದ್ದು ಏಳು ಸಾವಿರ. ತಡವಾಗಿ ಸರಬರಾಜು ಮಾಡಿದ್ದಕ್ಕೆ ವಾರಕ್ಕೆ ಶೇ 0.5ರಂತೆ ಶೇ 10ರವರೆಗೆ ದಂಡ ಬೀಳಬಹುದೆಂಬುದನ್ನು ಸೇರಿಸಿಕೊಂಡರೆ, ಎರಡು ವಾರ ತಡವಾದರೂ 20,000 ರೂಪಾಯಿ. ಶೇ 2ರಷ್ಟು ದರ ಇಳಿಸಿ ಟೆಂಡರ್ ಗೆಲ್ಲಲು ಹೊರಡುವವರು ಈ ಲೆಕ್ಕವನ್ನು ಮೊದಲು ಮಾಡಿಕೊಳ್ಳಲಿ.

ಹಣ ನಿಂತಾಗ ಯಾರ ಮೇಲೆ ಯಾವ ಒತ್ತಡ

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಸೂಕ್ಷ್ಮ ಮತ್ತು ಸಣ್ಣ ಸರಬರಾಜುದಾರರಿಗೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಇದು ಇಲಾಖೆಗೂ ಕಂಪನಿಗೂ ಒಂದೇ. ಆದರೆ ಒತ್ತಡ ಒಂದೇ ಅಲ್ಲ, ನಾಲ್ಕು ದಾರಿಗಳ ನಿಜವಾದ ವ್ಯತ್ಯಾಸ ತೋರುವುದು ಇಲ್ಲಿಯೇ. 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಕಲಮಾಗಿ ಸೇರಿಸಿದ ನಿಯಮವು, ನಿಗದಿತ ದಿನದೊಳಗೆ ಕೊಡದ ಹಣವನ್ನು ಕೊಟ್ಟ ವರ್ಷದವರೆಗೂ ಖರ್ಚೆಂದು ತೋರಿಸಲು ಬಿಡುವುದಿಲ್ಲ. ಆದಾಯ ತೆರಿಗೆ ಕಟ್ಟುವ ಸಾರ್ವಜನಿಕ ಉದ್ಯಮಕ್ಕೆ ಮತ್ತು ಖಾಸಗಿ ಕಂಪನಿಗೆ ಇದು ಬಿಸಿ ಮುಟ್ಟಿಸುತ್ತದೆ. ತೆರಿಗೆಯನ್ನೇ ಕಟ್ಟದ ಸರ್ಕಾರಿ ಇಲಾಖೆಗೆ ಏನೂ ಆಗುವುದಿಲ್ಲ. ಹಾಗೆಯೇ ಕೇಂದ್ರದ ಎಲ್ಲ ಸಾರ್ವಜನಿಕ ಉದ್ಯಮಗಳು ಮತ್ತು 250 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್ ವೇದಿಕೆಗೆ ಸೇರಬೇಕೆಂದು 2024ರ ನವೆಂಬರ್‌ನಲ್ಲಿ ಆದೇಶವಾಯಿತು. ಅಲ್ಲಿ ಕೊಳ್ಳುವವರು ನಿಮ್ಮ ಬಿಲ್ಲನ್ನು ಒಪ್ಪಿದರೆ ಬ್ಯಾಂಕುಗಳು ಹರಾಜಿನಲ್ಲಿ ಬಡ್ಡಿ ದರ ಹೇಳಿ ಹಣವನ್ನು ಮೊದಲೇ ಕೊಡುತ್ತವೆ. ಕೊಳ್ಳುವವರು ಕೊಡದಿದ್ದರೆ ಬ್ಯಾಂಕು ನಿಮ್ಮ ಮೇಲೆ ಬರುವುದಿಲ್ಲ. ಇಲಾಖೆಗೆ ಮಾರಿದವರಿಗೆ ಈ ಆದೇಶದ ನೆರವು ದೊರೆಯುವುದಿಲ್ಲ.

ಇದೇ ಎಂಎಸ್‌ಎಂಇ ಕಾಯ್ದೆಯಡಿ ಬಾಕಿ ಹಣದ ತಕರಾರು ಕೇಳುವ ಸೌಲಭ್ಯ ಮಂಡಳಿಗೆ ದೂರು ಕೊಡುವ ಹಕ್ಕು ಸರಕು ಮಾರುವ ಎಲ್ಲ ದಾರಿಯಲ್ಲೂ ಇದೆ. ಮಂಡಳಿಯ ಆದೇಶವನ್ನು ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊದಲು ಶೇ 75ರಷ್ಟು ಹಣವನ್ನು ಠೇವಣಿ ಇಡಬೇಕು. ಇದು ಬಲವಾದ ಅಸ್ತ್ರ. ಆದರೆ ಸರಬರಾಜಾದ ಮೇಲೆ ನೋಂದಣಿ ಮಾಡಿಸಿಕೊಂಡು ಹಿಂದಿನ ಬಾಕಿಗೆ ಈ ಕಾಯ್ದೆಯ ಲಾಭ ಕೇಳಲಾಗದು ಎಂದು ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಮೊದಲ ಟೆಂಡರಿಗೆ ದರ ಹಾಕುವ ಮುನ್ನವೇ ಉದ್ಯಮ್ ನೋಂದಣಿ ಕೈಯಲ್ಲಿರಬೇಕು.

ಯಾರಿಗೆ ಯಾವುದು

ಪಟ್ಟಿಯ ಸರಕು ಮಾಡುವ, ಕೈಯಲ್ಲಿ ತಿರುಗಿಸಲು 10 ಲಕ್ಷಕ್ಕಿಂತ ಕಡಿಮೆ ಹಣವಿರುವ ಘಟಕ ಜೆಮ್‌ನಲ್ಲಿ ಶುಲ್ಕವಿಲ್ಲದ ಸಣ್ಣ ಆರ್ಡರುಗಳಿಂದ ಆರಂಭಿಸಲಿ, ಕನ್‌ಸೈನಿ ತನ್ನ ಜಿಲ್ಲೆಯಲ್ಲೇ ಇರುವವುಗಳನ್ನು ಮಾತ್ರ ಹಿಡಿಯಲಿ. ನಿಖರ ಯಂತ್ರಗಳಿರುವ ಘಟಕ ಒಂದು ವರ್ಷ ತಾಳ್ಮೆಯಿಂದ ಸಾರ್ವಜನಿಕ ಉದ್ಯಮದ ನೋಂದಣಿಗೆ ದುಡಿಯಲಿ. ಆ ವರ್ಷ ಹೊಟ್ಟೆಪಾಡಿಗೆ ಖಾಸಗಿ ಜಾಬ್ ವರ್ಕ್ ಇರಲಿ. ರಾಜ್ಯದ ಟೆಂಡರನ್ನು, ಆರು ತಿಂಗಳ ಬಡ್ಡಿಯನ್ನು ದರದೊಳಗೆ ಸೇರಿಸಿಯೂ ಗೆಲ್ಲಬಲ್ಲವರು ಮತ್ತು ಕಚೇರಿಗೆ ವಾರಕ್ಕೊಮ್ಮೆ ಹೋಗಿಬರಬಲ್ಲವರು ಹಾಕಲಿ; ಮೀಸಲು ಪ್ರವರ್ಗದ ಯುವ ಗುತ್ತಿಗೆದಾರರಿಗೆ ಸಣ್ಣ ಕಾಮಗಾರಿಗಳಲ್ಲಿ ಇದು ಬೇರೆಲ್ಲೂ ಸಿಗದ ಪ್ರವೇಶ ಎಂಬುದೂ ನಿಜ. ಒಬ್ಬನೇ ಸರ್ಕಾರಿ ಕೊಳ್ಳುಗನಿಂದ ಘಟಕದ ಅರ್ಧಕ್ಕಿಂತ ಹೆಚ್ಚು ವಹಿವಾಟು ಬರುವ ಸ್ಥಿತಿಯನ್ನು ಯಾವ ದಾರಿಯಲ್ಲೂ ತಂದುಕೊಳ್ಳಬಾರದು.

ಯಾವುದನ್ನೇ ಆರಿಸಿ, ಸರಕು ಇಳಿಸಿದ ದಿನ ಡೆಲಿವರಿ ಚಲನ್ ಮೇಲೆ ಸ್ವೀಕರಿಸಿದವರ ಸಹಿ, ಹೆಸರು, ಹುದ್ದೆ, ಕಚೇರಿಯ ಮುದ್ರೆ ಮತ್ತು ದಿನಾಂಕ ಇಲ್ಲದೆ ಲಾರಿ ಹಿಂದಿರುಗಬಾರದು. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸರಕು ತಲುಪಿದ 15 ದಿನಗಳಲ್ಲಿ ಕೊಳ್ಳುವವರು ಲಿಖಿತವಾಗಿ ಆಕ್ಷೇಪಿಸದಿದ್ದರೆ ತಲುಪಿದ ದಿನವೇ ಸ್ವೀಕೃತಿಯ ದಿನ. ತಾಣದಲ್ಲಿ ಸಿಆರ್‌ಎಸಿ ಬಾರದಿದ್ದರೂ 45 ದಿನಗಳ ಎಣಿಕೆ ಆ ಮುದ್ರೆಯ ದಿನಾಂಕದಿಂದ ಆರಂಭವಾಗುತ್ತದೆ. ಹದಿನಾರನೆಯ ದಿನ ಆ ಚಲನ್‌ನ ಪ್ರತಿಯನ್ನು ಲಗತ್ತಿಸಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿಡಿ.